ಕನ್ನಡಿ ಮೇಷ್ಟ್ರ ತಾರೀಖು

ಕನ್ನಡಿ ಮೇಷ್ಟ್ರು ಮೇಷ್ಟ್ರೂ ಆಗಿರಲಿಲ್ಲ, ಅವರ ಹತ್ತಿರ ಕನ್ನಡಿಯೂ ಇರಲಿಲ್ಲ. ತಾಂತ್ರಿಕ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದವರು. ಬೀಗ ತೆಗೆಯುವುದು, ಧೂಳು ಹೊಡೆಯುವುದು, ಹಾಜರಿ ಪುಸ್ತಕ ಇಡುವುದು, ಕೆಟ್ಟ ಕೀಬೋರ್ಡು ಒಳ್ಳೆಯದರ ಜೊತೆ ಸೇರಿಕೊಳ್ಳದಂತೆ ನೋಡಿಕೊಳ್ಳುವುದು, ಇಷ್ಟೇ ಅವರ ನೇಮಕಾತಿ ಪತ್ರದಲ್ಲಿದ್ದ ಕೆಲಸ. ಆದರೂ ಗೇಟಿನಲ್ಲಿ ನಿಂತು "ಕನ್ನಡಿ ಮೇಷ್ಟ್ರು ಎಲ್ಲಿ?" ಎಂದರೆ ಸಾಕು, ವಾಚ್‌ಮನ್ ಕಣ್ಣೆತ್ತಿಯೂ ನೋಡದೆ ನೆಲಮಾಳಿಗೆಯ ಕಡೆ ಬೆರಳು ತೋರಿಸುತ್ತಿದ್ದ. ಒಮ್ಮೆ ಒಬ್ಬಾತ ಬೀರುವಿನ ಬಾಗಿಲಿಗೆ ಆಳೆತ್ತರದ ಕನ್ನಡಿ ಬೇಕೆಂದು ಅಳತೆ ಚೀಟಿ ಹಿಡಿದುಕೊಂಡು ಅಲ್ಲಿಗೇ ಇಳಿದು ಬಂದುಬಿಟ್ಟಿದ್ದ. ಮೇಷ್ಟ್ರು ಅವನನ್ನು ಕೂರಿಸಿ, ಟೀ ಕುಡಿಸಿ, ತಮ್ಮ ಕನ್ನಡಿಯ ವಿಷಯ ಅರ್ಧ ಗಂಟೆ ವಿವರಿಸಿ ಕಳಿಸಿದರು. ಆತ ಆಮೇಲೆ ಆ ಬೀದಿಯ ಕಡೆಗೇ ತಲೆ ಹಾಕಲಿಲ್ಲವಂತೆ.

ಅವರು ವಿವರಿಸುತ್ತಿದ್ದುದು ಕಷ್ಟದ ವಿಷಯವೇನಲ್ಲ. ಕಂಪ್ಯೂಟರುಗಳಿಗೆ ಬೇಕಾದ ಪ್ರೋಗ್ರಾಮುಗಳೆಲ್ಲ ಪ್ಯಾಕೇಜು ಪ್ಯಾಕೇಜಾಗಿ ಎಲ್ಲೋ ದೂರದ ಒಂದು ಮೂಲ ಉಗ್ರಾಣದಲ್ಲಿರುತ್ತವೆ. ಪ್ರಪಂಚದ ಯಂತ್ರಗಳೆಲ್ಲ ಅಲ್ಲಿಗೇ ಹೋಗಿ ನಿಂತರೆ ಅದರ ಬಾಗಿಲು ಮುರಿದುಹೋಗುತ್ತದೆ. ಆದ್ದರಿಂದ ಊರೂರಲ್ಲಿ ಅದರ ಪಡಿಯಚ್ಚುಗಳನ್ನು ಇಟ್ಟಿರುತ್ತಾರೆ. ಡೈರಿ ಒಂದೇ ಆದರೂ ಬೀದಿಗೊಂದು ಹಾಲಿನ ಬೂತ್ ಇರುವ ಹಾಗೆ. ಅಂಥ ಒಂದೊಂದು ಪಡಿಯಚ್ಚಿಗೂ ಮಿರರ್ ಎಂದು ಹೆಸರು. ಪ್ರತಿ ಕಂಪ್ಯೂಟರಿನ ಹೊಟ್ಟೆಯಲ್ಲೂ ಒಂದು ಸಣ್ಣ ಪಟ್ಟಿ ಇರುತ್ತದೆ, ಸಾಲಿಗೊಂದು ಮಿರರಿನ ವಿಳಾಸ. ಯಂತ್ರ ಮೊದಲ ಸಾಲಿನವರನ್ನು ಕೇಳುತ್ತದೆ. ಅವರು ಬಾಗಿಲು ತೆರೆಯದಿದ್ದರೆ ಮಾತ್ರ ಎರಡನೆಯ ಸಾಲಿಗೆ ಹೋಗುತ್ತದೆ. ಆ ಊರಿನ ಸುತ್ತಮುತ್ತಲ ಪಟ್ಟಿಗಳಲ್ಲೆಲ್ಲ ಮೊದಲ ಸಾಲು ಈ ಕಾಲೇಜಿನ ನೆಲಮಾಳಿಗೆಯದು.

ಹದಿನೇಳು ವರ್ಷದ ಹಿಂದೆ ಉತ್ಸಾಹದ ಲೆಕ್ಚರರ್ ಒಬ್ಬರು ಈ ಮಿರರನ್ನು ಶುರುಮಾಡಿ, ಎರಡೇ ವರ್ಷಕ್ಕೆ ಬೇರೆ ಕೆಲಸ ಸಿಕ್ಕಿ ಹೊರಟುಹೋಗಿದ್ದರು. ಹೋಗುವ ಮುಂಚೆ ಎರಡು ಹಾಳೆ ತುಂಬ ಸೂಚನೆ ಬರೆದು ಗೋಡೆಗೆ ಅಂಟಿಸಿದ್ದರು. ಹತ್ತನೇ ತರಗತಿಗೆ ಓದು ನಿಲ್ಲಿಸಿದ್ದ ಅಟೆಂಡರು ಆ ಹಾಳೆಗಳನ್ನು ಬೆರಳಿಟ್ಟು ಓದಿ, ಒಂದೊಂದೇ ಅಕ್ಷರ ಒತ್ತಿ, ತಪ್ಪಿ, ಮತ್ತೆ ಒತ್ತಿ ಕಲಿತರು. ಸೊಂಟದೆತ್ತರದ ಆ ಕಬ್ಬಿಣದ ಪೆಟ್ಟಿಗೆಯ ಹಸಿರು ದೀಪಗಳು ಅವರ ಪಾಲಿಗೆ ಮನೆಯ ದೀಪಗಳಾದವು. ಮಿರರ್ ಎನ್ನಲು ನಾಲಿಗೆ ಹೊರಳದೆ ಕನ್ನಡಿ ಎಂದರು. ಅವರೇ ಕನ್ನಡಿ ಮೇಷ್ಟ್ರಾದರು.

"ಊರಿಗೆಲ್ಲ ಕನ್ನಡಿ ಹಿಡೀತೀರಂತೆ, ಒಂದ್ಸಲ ನಿಮ್ಮ ಮುಖಾನೂ ನೋಡ್ಕೊಳ್ರೀ, ಗಡ್ಡ ಹೇಗೆ ಬೆಳೆದಿದೆ," ಎಂದು ಹೆಂಡತಿ ಆಗಾಗ ಕಾಲೆಳೆಯುತ್ತಿದ್ದರು.

ಮೇಷ್ಟ್ರ ಇನ್ನೊಂದು ಆಸ್ತಿ ಹಾಜರಿ ಪುಸ್ತಕ. ಮೂವತ್ತು ವರ್ಷದಲ್ಲಿ ಒಂದು ಸುಳ್ಳು ಹಾಜರಿಯೂ ಅದರಲ್ಲಿ ಬಿದ್ದಿರಲಿಲ್ಲ. ಹುಡುಗರು ಹಲ್ಲು ಗಿಂಜಿದರು, ಅತ್ತರು, ದೊಡ್ಡವರಿಂದ ಹೇಳಿಸಿದರು. ಜಪ್ಪಯ್ಯ ಎಂದರೂ ಮೇಷ್ಟ್ರು ಜಗ್ಗಲಿಲ್ಲ. ಅವರ ಒಬ್ಬಳೇ ಮಗಳು ಅದೇ ಕಾಲೇಜಿನಲ್ಲಿ ಓದುತ್ತಿದ್ದಾಗ ಜ್ವರ ಬಂದು ಮಲಗಿದಳು, ಲ್ಯಾಬಿನ ಹಾಜರಿ ಮೂರು ದಿನ ಕಡಿಮೆಯಾಯಿತು. ಮೂರು ಗೀರು ಎಳೆದಿದ್ದರೆ ಮುಗಿಯುತ್ತಿತ್ತು. ಪುಸ್ತಕ, ಪೆನ್ನು ಎರಡೂ ಅಪ್ಪನ ಕೈಯಲ್ಲೇ ಇದ್ದವು. ಅಪ್ಪ ಎಳೆಯಲಿಲ್ಲ. ಅವಳಿಗೆ ಪರೀಕ್ಷೆಗೆ ಕೂರಲಾಗದೆ ಒಂದು ವರ್ಷ ಹಾಳಾಯಿತು. ಹೆಂಡತಿ ತಿಂಗಳುಗಟ್ಟಲೆ ಮುಖ ಕೊಟ್ಟು ಮಾತಾಡಲಿಲ್ಲ. ವಿಚಿತ್ರವೆಂದರೆ ಮಗಳೇ ಅಪ್ಪನ ಪರ ನಿಂತಳು. "ಬಿಡಮ್ಮ, ಅಪ್ಪ ತಾರೀಖು ಸುಳ್ಳು ಬರಿಯೋನಲ್ಲ," ಎಂದಳು. ಗೆಳತಿಯರ ಹತ್ತಿರ ಅದನ್ನು ಜಂಬದಿಂದ ಹೇಳಿಕೊಂಡೂ ತಿರುಗಿದಳು. ಒಂದು ವರ್ಷ ಕಳೆದುಕೊಂಡವಳು ಆ ನಂಬಿಕೆಯನ್ನು ಗಳಿಸಿಕೊಂಡಿದ್ದಳು ಎನ್ನಬೇಕು, ಮತ್ತು ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದಳು.

ಓದು ಮುಗಿಸಿ ಅವಳು ಊರಿನ ದೊಡ್ಡಾಸ್ಪತ್ರೆಯಲ್ಲಿ ಕಂಪ್ಯೂಟರುಗಳ ಉಸ್ತುವಾರಿಗೆ ಸೇರಿದಳು. ರೋಗಿಗಳ ದಾಖಲೆ, ರಕ್ತ ಪರೀಕ್ಷೆ, ಔಷಧಿ ಚೀಟಿ, ಎಲ್ಲ ಸೇರಿ ಅರವತ್ತು ಯಂತ್ರ. ಸೇರಿದ ವಾರವೇ ಒಂದು ಸಂಜೆ ತಟ್ಟೆಯ ಮುಂದೆ ಕೂತು ಹೇಳಿದಳು:

"ಅಪ್ಪ, ನಮ್ಮ ಯಂತ್ರಗಳ ಪಟ್ಟೀಲಿ ಹದಿನಾರು ಸಾಲಿತ್ತು. ಅರ್ಧ ಸತ್ತಿದ್ವು, ಇನ್ನರ್ಧ ಆಮೆ ಥರ. ಎಲ್ಲ ತೆಗೆದುಹಾಕಿ ನಿನ್ನದೊಂದೇ ಇಟ್ಟೆ."

ಒಂದೇ ಮಿರರ್ ಇಡಬಾರದು, ಕನಿಷ್ಠ ಮೂರಿರಬೇಕು ಎಂಬುದು ಗೋಡೆಯ ಮೇಲಿನ ಹಾಳೆಯಲ್ಲೇ ಇತ್ತು. ಮೇಷ್ಟ್ರು ಅದನ್ನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು. ಅವತ್ತು ಮಾತ್ರ ಹೇಳಲಿಲ್ಲ. ಖುಷಿಗೆ ಇನ್ನೊಂದು ತುತ್ತು ಬಡಿಸಿಕೊಂಡು, "ಬೆಳಿಗ್ಗೆ ಬೆಳಿಗ್ಗೆ ತಾರೀಖು ನೋಡ್ತಿರು," ಎಂದಷ್ಟೇ ಹೇಳಿದರು.

ಈ ತಾರೀಖಿನ ವಿಷಯ ಸ್ವಲ್ಪ ತಿಳಿದುಕೊಳ್ಳಬೇಕು. ಪ್ರತಿ ಮಿರರಿನ ಬಾಗಿಲಲ್ಲೂ ಒಂದು ಪುಟ್ಟ ಕಡತ ಇರುತ್ತದೆ. ಒಳಗೆ ಇರುವುದು ಒಂದೇ ಸಾಲು: ಮೂಲ ಉಗ್ರಾಣದಿಂದ ಕೊನೆಯ ಸಲ ಸರಕು ತಂದ ತಾರೀಖು ಮತ್ತು ವೇಳೆ. ಮೇಷ್ಟ್ರ ಯಂತ್ರ ದಿನಕ್ಕೆ ನಾಲ್ಕು ಸಲ ತರುತ್ತಿತ್ತು, ಮೂರಕ್ಕೆ, ಒಂಬತ್ತಕ್ಕೆ, ಮತ್ತೆ ಮೂರಕ್ಕೆ, ಮತ್ತೆ ಒಂಬತ್ತಕ್ಕೆ. ತಂದು ಮುಗಿಸಿದ ಕೂಡಲೇ, ತರಲು ಹೊರಟ ವೇಳೆಯ ಜೊತೆ ತಾನೇ ತಾರೀಖು ಬರೆದುಕೊಳ್ಳುತ್ತಿತ್ತು. ಮಿರರುಗಳ ದೊಡ್ಡ ಪಟ್ಟಿ ಇಡುವವರು ದೂರದಿಂದ ಬಂದು ಈ ಒಂದು ಸಾಲನ್ನು ಮಾತ್ರ ಓದಿಕೊಂಡು ಹೋಗುತ್ತಾರೆ. ಎರಡು ದಿನಕ್ಕಿಂತ ಹಳೆಯ ತಾರೀಖು ಕಂಡರೆ ಆ ಮಿರರು ಪಟ್ಟಿಯಿಂದ ಔಟ್. ಒಳಗೆ ಏನಿದೆ ಎಂದು ಯಾರೂ ಮುಚ್ಚಳ ತೆಗೆದು ನೋಡುವುದಿಲ್ಲ. ನಂಬಿಕೆಯ ಮೇಲೆ ನಡೆಯುವ ವ್ಯವಹಾರ.

ಹೀಗಿರುವಾಗ ಒಂದು ಸೋಮವಾರ ಡಿಸ್ಕ್ ತುಂಬಿಹೋಯಿತು. ತೆಗೆಯಬಹುದಾದ ಹಳೆಯದನ್ನೆಲ್ಲ ಮೇಷ್ಟ್ರು ಹಿಂದಿನ ವರ್ಷವೇ ತೆಗೆದು ಜಾಗ ಮಾಡಿದ್ದರು, ಇನ್ನು ತೆಗೆಯಲು ಏನೂ ಉಳಿದಿರಲಿಲ್ಲ. ಯಂತ್ರ ಅರ್ಧ ಸರಕು ತಂದು, ಇಡಲು ಜಾಗವಿಲ್ಲದೆ, ಕೈಚೆಲ್ಲಿ ಕೂತಿತು. ಆರು ತಿಂಗಳ ಹಿಂದೆಯೇ ದೊಡ್ಡ ಡಿಸ್ಕಿಗೆ ಅರ್ಜಿ ಬರೆದುಕೊಟ್ಟಿದ್ದರು. ಅದು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ನಡೆಯುತ್ತಾ, ನಡುವೆ ನಿದ್ದೆ ಮಾಡುತ್ತಾ, ಹೊಸ ಪ್ರಿನ್ಸಿಪಾಲರ ಮೇಜಿಗೆ ಬಂದು ಮಲಗಿತ್ತು. ಮೇಷ್ಟ್ರು ಓಡಿದರು.

"ಏನ್ರೀ ಇದು, ಇದರಿಂದ ನಮಗೇನು ಲಾಭ?" ಎಂದರು ಪ್ರಿನ್ಸಿಪಾಲರು.

"ಪಟ್ಟೀಲಿ ನಮ್ಮ ಕಾಲೇಜಿನ ಹೆಸರು ಮೊದಲು ಬರುತ್ತೆ ಸಾರ್."

"ಹೌದಾ? ಆಗಲಿ, ಅಷ್ಟಾದ್ರೂ ಇದೆಯಲ್ಲ. ಶುಕ್ರವಾರ ಸಹಿ ಹಾಕ್ತೀನಿ. ಆದ್ರೆ ಹೆಸರು ಪಟ್ಟಿಯಿಂದ ಹೋದ ದಿನ ಹೇಳಿ. ಆ ಪೆಟ್ಟಿಗೆ ತೆಗೆದುಹಾಕಿ ಹಳೇ ಬೆಂಚುಗಳನ್ನ ಅಲ್ಲಿ ಜೋಡಿಸೋಣ. ನಿಮ್ಮನ್ನ ಸ್ಟೋರಿಗೆ ಹಾಕ್ತೀನಿ, ಆರಾಮಾಗಿರಿ."

ಶುಕ್ರವಾರಕ್ಕೆ ನಾಲ್ಕು ದಿನ. ಪಟ್ಟಿಯವರು ತಡೆದುಕೊಳ್ಳುವುದು ಎರಡೇ ದಿನ.

ಬುಧವಾರ ಬೆಳಿಗ್ಗೆ ಕಾಲೇಜಿನ ಗಂಟೆ ಹೊಡೆದ ಮೇಲೆ ಮೇಷ್ಟ್ರು ಕನ್ನಡಕ ಒರೆಸಿಕೊಂಡು ಕೂತರು. ಆ ಪುಟ್ಟ ಕಡತ ತೆರೆದರು. ಸೋಮವಾರದ ತಾರೀಖು ಅಳಿಸಿ ಬುಧವಾರದ್ದು ಬರೆದರು. ಒಂಬತ್ತು ಗಂಟೆ ಹನ್ನೊಂದು ನಿಮಿಷ. ಎರಡೇ ದಿನದ ಮಾತು, ಸರಕು ಬಂದಮೇಲೆ ಎಲ್ಲ ಸರಿಹೋಗುತ್ತದೆ ಎಂದುಕೊಂಡರು. ಮೂವತ್ತು ವರ್ಷ ಒಂದು ಸುಳ್ಳು ಗೀರನ್ನೂ ಎಳೆಯದ ಮನುಷ್ಯ ಹೀಗೆ ಮಾಡಿದರೆಂದರೆ ನನಗೆ ಸಿಟ್ಟೂ ಬರುತ್ತದೆ, ಪಾಪ ಎಂದೂ ಅನಿಸುತ್ತದೆ. ಮಗಳಿಗಾಗಿ ಬಗ್ಗದ ಬೆನ್ನು ಒಂದು ಕಬ್ಬಿಣದ ಪೆಟ್ಟಿಗೆಗಾಗಿ ಬಗ್ಗಿತು.

ಶುಕ್ರವಾರ ಪ್ರಿನ್ಸಿಪಾಲರು ರಜೆಯಲ್ಲಿದ್ದರು. ಮುಂದಿನ ಶುಕ್ರವಾರ ಸಭೆಯಲ್ಲಿದ್ದರು. ಅದರ ಮುಂದಿನ ಶುಕ್ರವಾರ ಅರ್ಜಿಯೇ ಕಾಣೆಯಾಗಿತ್ತು, ಮೇಷ್ಟ್ರು ಮತ್ತೆ ಬರೆದುಕೊಟ್ಟರು. ಗಂಟೆ ಹೊಡೆಯುವುದು, ಬೀಗ ತೆಗೆಯುವುದು, ತಾರೀಖು ಬರೆಯುವುದು. ಮೂರನೆಯ ವಾರಕ್ಕೆ ಅದು ಧೂಳು ಹೊಡೆಯುವಂಥ ಕೆಲಸವಾಗಿಬಿಟ್ಟಿತು.

ಹೊರಗಿನವರಿಗೆ ಏನೂ ಗೊತ್ತಾಗಲಿಲ್ಲ. ಬಾಗಿಲು ತೆರೆದೇ ಇತ್ತು, ಕೇಳಿದ್ದಕ್ಕೆ ಉತ್ತರ ತಕ್ಷಣ ಸಿಗುತ್ತಿತ್ತು. ಹೊಸ ಸರಕಿಲ್ಲದ್ದರಿಂದ ಯಂತ್ರಕ್ಕೆ ಬೇರೆ ಕೆಲಸವೂ ಇರಲಿಲ್ಲ, ಮೊದಲಿಗಿಂತ ಚುರುಕಾಗಿಯೇ ಉತ್ತರಿಸುತ್ತಿತ್ತು. ಆಸ್ಪತ್ರೆಯ ಅರವತ್ತು ಯಂತ್ರಗಳೂ ಬೆಳಿಗ್ಗೆ ಹತ್ತಕ್ಕೆ ಹೊಸದೇನಿದೆ ಎಂದು ಕೇಳುತ್ತಿದ್ದವು. ಕನ್ನಡಿ ಹೇಳುತ್ತಿತ್ತು: ಹೊಸದೇನೂ ಇಲ್ಲ.

ಮೂರನೆಯ ವಾರದ ಕೊನೆಗೆ ಮಗಳು ಬಟ್ಟೆ ಮಡಚುತ್ತಾ ಕೇಳಿದಳು:

"ಅಪ್ಪ, ಇತ್ತೀಚೆಗೆ ಹೊಸದೇನೂ ಬರ್ತಾನೇ ಇಲ್ವಲ್ಲ? ವಾರಕ್ಕೆ ನಾಲ್ಕಾದ್ರೂ ಇರ್ತಿತ್ತು. ನಿನ್ನ ಕನ್ನಡಿ ಸರಿಯಾಗಿದೆ ತಾನೆ?"

ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಅವಳ ಕೈಯಲ್ಲಿ ಅಪ್ಪನದೇ ಅಂಗಿ ಇತ್ತು, ಒಂದು ತೋಳು ಮಡಚಿ ಇನ್ನೊಂದು ಮಡಚದೆ ಉತ್ತರಕ್ಕೆ ಕಾದಿದ್ದಳು. ಮೇಷ್ಟ್ರಿಗೆ ಮಾತು ನಾಲಿಗೆ ತುದಿಗೆ ಬಂತು. ಇವತ್ತು ಗುರುವಾರ, ನಾಳೆ ಶುಕ್ರವಾರ, ನಾಳೆ ಸಹಿ ಆಗೇ ಆಗುತ್ತದೆ ಎಂದು ನುಂಗಿಕೊಂಡರು.

"ಒಮ್ಮೊಮ್ಮೆ ಹಾಗಾಗುತ್ತೆ ಕಣೇ. ತಾರೀಖು ನೋಡಿದ್ಯಾ?"

"ನೋಡಿದೆ. ಇವತ್ತಿಂದೇ ಇದೆ."

"ಮತ್ತೆ?"

"ಅಷ್ಟೇ, ಕೇಳಿದೆ," ಎಂದು ಅವಳು ಇನ್ನೊಂದು ತೋಳನ್ನೂ ಮಡಚಿದಳು.

ಡಿಸ್ಕ್ ತುಂಬಿದ ನಲವತ್ತೊಂದನೆಯ ದಿನ ಎಲ್ಲಿಯೋ ಕೂತಿದ್ದ ಯಾರೋ ಆಸ್ಪತ್ರೆಯ ಯಂತ್ರಗಳೊಳಗೆ ನುಗ್ಗಿ ದಾಖಲೆಗಳಿಗೆಲ್ಲ ತಮ್ಮ ಬೀಗ ಜಡಿದರು. ಒಂದು ಪ್ರೋಗ್ರಾಮಿನಲ್ಲಿದ್ದ ತೂತಿನಿಂದ ಬಂದಿದ್ದರು. ಸುದ್ದಿ ಕೇಳಿದ ಕೂಡಲೇ ಮೇಷ್ಟ್ರು ಆ ತೂತಿನ ಹೆಸರು ಬರೆದುಕೊಂಡು, ಮೂಲ ಉಗ್ರಾಣದಲ್ಲಿ ಹುಡುಕಿದರು. ಅದನ್ನು ಮುಚ್ಚುವ ತೇಪೆ, ಅಂದರೆ ತಿದ್ದಿದ ಹೊಸ ಪ್ಯಾಕೇಜು, ಬಂದು ಮೂವತ್ತಾರು ದಿನವಾಗಿತ್ತು. ಬೇರೆ ಮಿರರುಗಳಲ್ಲೆಲ್ಲ ಇತ್ತು. ತಮ್ಮದರಲ್ಲಿ ಇರಲಿಲ್ಲ. ಬೆರಳು ಮಡಚಿ ಆ ದಿನಗಳನ್ನು ಎರಡು ಸಲ ಎಣಿಸಿದರು.

ಮಗಳು ಎರಡು ದಿನ ಮನೆಗೆ ಬರಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಮೇಷ್ಟ್ರು ಊಟದ ಡಬ್ಬಿ ಹಿಡಿದುಕೊಂಡು ಆಸ್ಪತ್ರೆಗೆ ಹೋದರು. ಹೇಳಿಬಿಡುವುದೆಂದು ಗಟ್ಟಿ ಮನಸ್ಸು ಮಾಡಿಕೊಂಡೇ ಹೋಗಿದ್ದರು. ಕಾರಿಡಾರಿನಲ್ಲಿ ನರ್ಸುಗಳು ಹರಿದ ನೋಟ್‌ಬುಕ್ಕಿನ ಹಾಳೆಗಳನ್ನು ಹಿಡಿದು ಓಡಾಡುತ್ತಿದ್ದರು. ಯಾರ ಹಾಸಿಗೆಗೆ ಯಾವ ಔಷಧಿ ಎಂದು ಗಟ್ಟಿಯಾಗಿ ಕೂಗಿ ಕೇಳುತ್ತಿದ್ದರು. ಮೆಟ್ಟಿಲ ಹತ್ತಿರದ ಬೆಂಚಿನ ಮೇಲೆ ಒಬ್ಬ ಗಂಡಸು ಕೂತಿದ್ದ, ತೊಡೆಯ ಮೇಲೆ ಬಸ್ ಕಂಡಕ್ಟರುಗಳ ಚರ್ಮದ ಚೀಲ.

ಆ ಚೀಲ ಅವನ ಹೆಂಡತಿಯದು. ಹಿಂದಿನ ದಿನ ಡ್ಯೂಟಿಯ ನಡುವೆ ಜ್ವರ ಏರಿ ಬಸ್ಸಿನಲ್ಲೇ ಕುಸಿದವಳನ್ನು ಸೀದಾ ಇಲ್ಲಿಗೆ ತಂದಿದ್ದರು. ಒಂದು ಜಾತಿಯ ಇಂಜೆಕ್ಷನ್ ಅವಳ ಮೈಗೆ ಆಗುವುದಿಲ್ಲ ಎಂದು ಆಸ್ಪತ್ರೆಯ ದಾಖಲೆಯಲ್ಲಿ ಕೆಂಪು ಅಕ್ಷರದಲ್ಲಿ ಇತ್ತು. ದಾಖಲೆ ತೆರೆಯುತ್ತಿರಲಿಲ್ಲ. ಅವಳಿಗೆ ಪ್ರಜ್ಞೆ ಇರಲಿಲ್ಲ. ಗಂಡ ಬಂದು ಮುಟ್ಟುವಷ್ಟರಲ್ಲಿ ಅದೇ ಇಂಜೆಕ್ಷನ್ ಕೊಟ್ಟಾಗಿತ್ತು. ಮೂವತ್ತನಾಲ್ಕು ವರ್ಷ. ಬೆಳಗಿನ ಜಾವ ಹೋಗಿಬಿಟ್ಟಿದ್ದಳು.

ಮೇಷ್ಟ್ರ ಕುತ್ತಿಗೆಯಲ್ಲಿ ಕಾಲೇಜಿನ ಗುರುತಿನ ಚೀಟಿ ನೇತಾಡುತ್ತಿತ್ತು. ಅದರ ಮೇಲಿನ ಕಂಪ್ಯೂಟರ್ ಎಂಬ ಪದ ಓದಿಕೊಂಡು ಆತ ಕೇಳಿದ:

"ಕಂಪ್ಯೂಟರ್ ಸರಿಹೋಯ್ತಾ ಸಾರ್?"

"ಇನ್ನೂ ಇಲ್ಲಪ್ಪ," ಎಂದರು ಮೇಷ್ಟ್ರು.

"ಬೇಗ ಸರಿ ಮಾಡಿ ಸಾರ್. ಅವಳ ಬಿಲ್ಲಾದ ಮೇಲೇ ಬಾಡಿ ಕೊಡ್ತೀವಿ ಅಂತಿದಾರೆ. ಬಿಲ್ಲೂ ಅದರೊಳಗೇ ಇದೆಯಂತೆ."

ಮೇಷ್ಟ್ರು ಡಬ್ಬಿ ಹಿಡಿದುಕೊಂಡು ಅಲ್ಲಿಂದ ಮೇಲೆ ಹತ್ತಿದರು. ಮಗಳು ಕಣ್ಣು ಕೆಂಪು ಮಾಡಿಕೊಂಡು ನಾಲ್ಕು ಯಂತ್ರಗಳ ನಡುವೆ ನೆಲದ ಮೇಲೆ ಕೂತಿದ್ದಳು. ಅಪ್ಪನನ್ನು ಕಂಡವಳೇ ತೋಳು ಹಿಡಿದುಕೊಂಡಳು.

"ನಮ್ಮ ಕಡೆಯಿಂದ ತಪ್ಪಾಗಿಲ್ಲಪ್ಪ. ನಾನು ದಿನಾ ನೋಡಿದೀನಿ, ದಾಖಲೆ ಇಟ್ಟಿದೀನಿ. ನಿನ್ನ ತಾರೀಖು ಇದೆಯಲ್ಲ, ಅದೇ ಸಾಕ್ಷಿ. ವಿಚಾರಣೆಗೆ ನೀನೂ ಬಂದು ಹೇಳ್ಬೇಕು."

ಮೇಷ್ಟ್ರು ಡಬ್ಬಿ ಬಿಚ್ಚಿ, ಕೈಗೆ ಚಮಚ ಕೊಟ್ಟು, ಅವಳು ಉಣ್ಣುವುದನ್ನು ನೋಡುತ್ತಾ ನಿಂತರು. ಮನೆಗೆ ಬಂದಮೇಲೆ ಹೆಂಡತಿಗೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಗಂಟೆ ಹೊಡೆದಾಗ ತಾರೀಖು ಬರೆಯಲು ಕೈ ಏಳಲಿಲ್ಲ, ಅಷ್ಟೇ.

ವಿಚಾರಣೆ ಒಂಬತ್ತು ದಿನಕ್ಕೆ ನಡೆಯಿತು. ಆಸ್ಪತ್ರೆಯ ಮೇಲಧಿಕಾರಿ, ಹೊರಗಿನಿಂದ ಬಂದ ಒಬ್ಬ ಹಿರಿಯ ಡಾಕ್ಟರು, ಬರೆದುಕೊಳ್ಳಲು ಒಬ್ಬ ಗುಮಾಸ್ತ. ಗಾಜು ಹಾಸಿದ ಮೇಜು, ಟೇಪು ಕಟ್ಟಿದ ಫೈಲು, ಕಿರ್ ಎನ್ನುವ ಫ್ಯಾನು. ಮೇಷ್ಟ್ರು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೈ ಕಟ್ಟಿಕೊಂಡು ಕೂತರು.

"ನಿಯಮದ ಪ್ರಕಾರ ಎಷ್ಟು ಕಡೆಯಿಂದ ತರಿಸೋ ಹಾಗೆ ಇಡ್ಬೇಕು?" ಮೇಲಧಿಕಾರಿ ಮಗಳನ್ನು ಕೇಳಿದರು.

"ಮೂರು ಸಾರ್."

"ನೀವು ಎಷ್ಟು ಇಟ್ಟಿದ್ರಿ?"

"ಒಂದು ಸಾರ್. ಆದ್ರೆ ಆ ಒಂದು ಕೆಟ್ಟಿರ್ಲಿಲ್ಲ. ತೇಪೆ ಯಾಕೆ ಬರ್ಲಿಲ್ಲ ಅಂತ ಮೂಲದವರನ್ನ ಕೇಳ್ಬೇಕು. ಈ ಕನ್ನಡಿ ಪ್ರತಿದಿನ ಹೊಸದಾಗ್ತಿತ್ತು, ಬೆಳಿಗ್ಗೆ ಹತ್ತಕ್ಕೆ ಅದರ ತಾರೀಖು ತಾನಾಗೇ ಹಾಳೇಲಿ ಅಚ್ಚಾಗೋ ಹಾಗೆ ಇಟ್ಟಿದೀನಿ. ಓದ್ತೀನಿ ಕೇಳಿ."

ಅವಳು ಹಾಳೆ ಬಿಡಿಸಿ ಓದತೊಡಗಿದಳು. ಮೊದಲ ಪುಟ ಹಳೆಯ ತಿಂಗಳಿನದು. ಒಂಬತ್ತು ಗಂಟೆ, ಒಂಬತ್ತು ಗಂಟೆ, ಒಂಬತ್ತು ಗಂಟೆ, ಒಂದು ನಿಮಿಷವೂ ಆಚೀಚೆ ಇಲ್ಲ. ಪುಟ ತಿರುಗಿಸಿದಳು. ಬುಧವಾರ ಒಂಬತ್ತು ಹನ್ನೊಂದು. ಗುರುವಾರ ಒಂಬತ್ತು ಎಂಟು. ಶುಕ್ರವಾರ ಒಂಬತ್ತು ಹದಿನಾರು. ಶನಿವಾರ ಒಂಬತ್ತು ಹತ್ತು.

"ಭಾನುವಾರ..." ಎಂದು ನಿಲ್ಲಿಸಿದಳು. "ಭಾನುವಾರದ್ದಿಲ್ಲ. ಶನಿವಾರದ್ದೇ ಇದೆ."

ಯಂತ್ರಕ್ಕೆ ಭಾನುವಾರ ರಜೆ ಇರುವುದಿಲ್ಲ. ಅವಳ ಬೆರಳು ಹಾಳೆಯ ಮೇಲೆ ನಿಧಾನವಾಗಿ ಕೆಳಗಿಳಿಯುವುದನ್ನು ಮೇಷ್ಟ್ರು ನೋಡುತ್ತಿದ್ದರು. ಮುಂದಿನ ಭಾನುವಾರವೂ ಇರಲಿಲ್ಲ. ಅದರ ಮುಂದಿನದೂ ಇರಲಿಲ್ಲ. ನಾಲ್ಕನೆಯ ವಾರದ ಒಂದು ಗುರುವಾರ ಹಳೆಯ ತಾರೀಖೇ ದಾಖಲಾಗಿತ್ತು; ಅವಳೇ ಆಮೇಲೆ ಮತ್ತೆ ನೋಡಿ ಪಕ್ಕದಲ್ಲಿ ಪೆನ್ನಿನಿಂದ ಬರೆದುಕೊಂಡಿದ್ದಳು: ಹನ್ನೊಂದು ನಲವತ್ತಕ್ಕೆ ಬಂತು. ಆ ಗುರುವಾರ ಬೆಳಿಗ್ಗೆ ರಜೆ ಹಾಕಿ ಅಪ್ಪನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಹನ್ನೊಂದೂವರೆಗೆ ಕಾಲೇಜಿನ ಗೇಟಿನಲ್ಲಿ ಇಳಿಸಿ ಬಂದವಳು ಅವಳೇ.

ಅವಳು ಹಾಳೆ ಕೆಳಗಿಟ್ಟಳು. ತಿರುಗಿ ನೋಡಿದಳು.

"ಅಪ್ಪ, ಇದು ನೀವು ಬರೆದಿದ್ದಾ?"

ಹುಟ್ಟಿದಾಗಿನಿಂದ ಅವಳು ಅಪ್ಪನನ್ನು ನೀನು ಎಂದೇ ಕರೆದವಳು. ಆ 'ನೀವು' ಕೇಳಿದಾಗ ಮೇಷ್ಟ್ರಿಗೆ ಆಗಬೇಕಾದ ಶಿಕ್ಷೆಯೆಲ್ಲ ಆಗಿಹೋಯಿತು. ಎದ್ದು ನಿಂತರು.

"ಹೌದು. ನಾನೇ ಬರೆದೆ. ದಿನಾ ಬೆಳಿಗ್ಗೆ ತಾರೀಖು ನಾನೇ ಬರೀತಿದ್ದೆ ಸಾರ್. ತಪ್ಪು ನಂದು, ಇವಳದಲ್ಲ."

ಮೇಲಧಿಕಾರಿ ಹಿರಿಯ ಡಾಕ್ಟರ ಮುಖ ನೋಡಿದರು. "ತಾರೀಖು ಯಾರಾದ್ರೂ ಬರೀಲೇಬೇಕಲ್ವೇನ್ರೀ? ಅದರಲ್ಲೇನು ತಪ್ಪು?"

"ಹಾಗಲ್ಲ ಸಾರ್. ಅದು ಯಂತ್ರ ತಾನೇ ಬರ್ಕೋಬೇಕು. ಸರಕು ಬಂದಿರ್ಲಿಲ್ಲ. ಬರದೇನೇ ನಾನು..."

"ಯಾವ ಸರಕು?"

ಮೇಷ್ಟ್ರು ಮೊದಲಿನಿಂದ ಶುರುಮಾಡಿದರು. ಮೂಲ ಉಗ್ರಾಣ, ಪಡಿಯಚ್ಚು, ಹಾಲಿನ ಬೂತು. ಬೀರುವಿನ ಕನ್ನಡಿಗೆ ಬಂದವನಿಗೆ ಅರ್ಧ ಗಂಟೆ ಹೇಳಿದ್ದನ್ನೇ ಹೇಳಿದರು. ಗೋಡೆಗೆ ಹೇಳಿದ ಹಾಗಾಯಿತು. ಹಿರಿಯ ಡಾಕ್ಟರು ಗಡಿಯಾರ ನೋಡಿಕೊಂಡು, ಬಹಳ ಮೆತ್ತಗಿನ ದನಿಯಲ್ಲಿ ಅಂದರು:

"ಕೂತ್ಕೊಳ್ಳಿ ಯಜಮಾನ್ರೇ. ನಿಮ್ಮ ಸಂಕಟ ನಮಗೆ ಅರ್ಥ ಆಗುತ್ತೆ. ಮಗಳ ತಪ್ಪನ್ನ ತಲೆ ಮೇಲೆ ಹೊತ್ಕೊಳ್ಳೋಕೆ ಯಾವ ತಂದೆ ಆದ್ರೂ ನೋಡ್ತಾನೆ. ನನಗೂ ಮಗಳಿದಾಳೆ."

"ಹೇಳಮ್ಮ ನೀನಾದ್ರೂ," ಮೇಷ್ಟ್ರು ಮಗಳ ಕಡೆ ತಿರುಗಿದರು. "ನಿನಗೆ ಗೊತ್ತಾಗಿದೆಯಲ್ಲ. ಹೇಳು ಅವರಿಗೆ."

ಆ ಕೋಣೆಯಲ್ಲಿ ಅರ್ಥವಾಗಿದ್ದುದು ಅವಳೊಬ್ಬಳಿಗೆ. ಅವಳು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡಳು.

"ಒಂದೇ ಇಟ್ಟಿದ್ದು ನಾನು ಸಾರ್," ಎಂದಳು. "ಮೂರು ಇಡ್ಬೇಕಿತ್ತು. ಯಾರನ್ನೋ ನಂಬಿಕೊಂಡು ಇಡ್ಲಿಲ್ಲ. ಬರ್ಕೊಳ್ಳಿ."

ಗುಮಾಸ್ತ ಬರೆದುಕೊಂಡ. ಮೇಷ್ಟ್ರ ಹೇಳಿಕೆಯನ್ನೂ ಬರೆದು ಸಹಿಗೆ ಮುಂದಿಟ್ಟ. ಅದರಲ್ಲಿ ಹೀಗಿತ್ತು: ಸಾಕ್ಷಿಯು ತಾನು ಪ್ರತಿದಿನವೂ ತಪ್ಪದೆ ದಿನಾಂಕವನ್ನು ನಮೂದಿಸುತ್ತಿದ್ದುದಾಗಿ ತಿಳಿಸಿರುತ್ತಾರೆ. ಮೇಷ್ಟ್ರು ಎರಡು ಸಲ ಓದಿದರು. ಭಾನುವಾರಗಳನ್ನು ಬಿಟ್ಟರೆ ಒಂದು ಅಕ್ಷರವೂ ಸುಳ್ಳಿರಲಿಲ್ಲ. "ಇದಲ್ಲ ನಾನು ಹೇಳಿದ್ದು," ಎಂದರು. "ಇದನ್ನೇ ಅಲ್ವಾ ಹೇಳಿದ್ದು?" ಎಂದ ಗುಮಾಸ್ತ, "ಕೆಳಗೆ ಸಹಿ ಮಾಡಿ, ಪಕ್ಕದಲ್ಲಿ ಇವತ್ತಿನ ತಾರೀಖು ಹಾಕಿ." ಮೇಷ್ಟ್ರು ಪೆನ್ನು ಕೆಳಗಿಟ್ಟು ಹೊರಗೆ ಬಂದರು. ಸಹಿ ಇಲ್ಲದಿದ್ದರೂ ಹೇಳಿಕೆ ಫೈಲಿಗೆ ಸೇರಿತು.

ಎರಡು ವಾರದ ಮೇಲೆ ಮಗಳಿಗೆ ಕಾಗದ ಬಂತು. ಕರ್ತವ್ಯದಲ್ಲಿ ನಿರ್ಲಕ್ಷ್ಯ, ಕೆಲಸದಿಂದ ವಜಾ. ಮೇಷ್ಟ್ರು ಮೇಲಧಿಕಾರಿಯ ಬಾಗಿಲಿಗೆ ಮೂರು ಸಲ ಹೋದರು, ಮೂರನೆಯ ಸಲ ಒಳಗೇ ಬಿಡಲಿಲ್ಲ. ಪ್ರಿನ್ಸಿಪಾಲರಿಗೆ ಬರೆದುಕೊಟ್ಟರು, ಕಾಲೇಜಿನ ಹೆಸರು ಇದರಲ್ಲಿ ಯಾಕೆ ತರುತ್ತೀರಿ ಎಂದು ಅವರು ಹಾಳೆ ಹಿಂದಿರುಗಿಸಿದರು. ಹಿಂದಿರುಗಿಸುವಾಗ ಇನ್ನೊಂದು ಹಾಳೆಯನ್ನೂ ಕೊಟ್ಟರು. ದೊಡ್ಡ ಡಿಸ್ಕಿನ ಅರ್ಜಿಗೆ ಸಹಿ ಆಗಿತ್ತು.

ಮೇಷ್ಟ್ರು ನೆಲಮಾಳಿಗೆಗೆ ಇಳಿದು, ಪಟ್ಟಿಯಿಂದ ಆಗಲೇ ಬಿದ್ದುಹೋಗಿದ್ದ ತಮ್ಮ ಮಿರರನ್ನು ಮತ್ತೆ ಸೇರಿಸಬೇಡಿ, ಪೂರ್ತಿ ತೆಗೆದುಹಾಕಿ ಎಂದು ಪಟ್ಟಿಯವರಿಗೆ ಬರೆದರು. ಸುಳ್ಳು ತಾರೀಖು ಬರೆದದ್ದನ್ನೂ ಬರೆದರು. ಹದಿನೇಳು ವರ್ಷದ ಸೇವೆಗೆ ವಂದನೆಗಳು ಎಂದು ಉತ್ತರ ತಕ್ಷಣವೇ ಬಂತು, ಅದನ್ನು ಯಂತ್ರವೇ ಬರೆದಿತ್ತು. ಆಮೇಲೆ ಗುಂಡಿ ಒತ್ತಿ ಪೆಟ್ಟಿಗೆಯನ್ನು ಆರಿಸಿದರು. ಹಸಿರು ದೀಪಗಳು ಒಂದೊಂದಾಗಿ ಹೋದವು. ಯಾರೂ ಫೋನು ಮಾಡಲಿಲ್ಲ, ಯಾರೂ ಹುಡುಕಿಕೊಂಡು ಬರಲಿಲ್ಲ. ಊರಿನ ಯಂತ್ರಗಳೆಲ್ಲ ತಮ್ಮ ಪಟ್ಟಿಯ ಎರಡನೆಯ ಸಾಲಿಗೆ ಹೋದವು.

ಮನೆಯಲ್ಲಿ ಜಗಳವಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು ಎಂದು ಮೇಷ್ಟ್ರಿಗೇ ಎಷ್ಟೋ ಸಲ ಅನಿಸಿತು. ಮಗಳು ಮೊದಲಿನ ಹಾಗೇ ಅಪ್ಪನ ಕಣ್ಣಿಗೆ ಔಷಧಿ ಹಾಕುತ್ತಿದ್ದಳು, ಅಂಗಿ ಮಡಚಿಡುತ್ತಿದ್ದಳು. "ನೀವು ಊಟ ಮಾಡಿ," ಎನ್ನುತ್ತಿದ್ದಳು. ಒಂದು ದಿನ ಅವಳ ಸ್ವಂತ ಕಂಪ್ಯೂಟರು ತೆರೆದೇ ಇತ್ತು, ಮೇಷ್ಟ್ರ ಕಣ್ಣು ಮಿರರುಗಳ ಪಟ್ಟಿಯ ಮೇಲೆ ಬಿತ್ತು. ಹೊಸ ಸಾಲುಗಳು ಮೂರಿದ್ದವು. ಅವುಗಳ ಮೇಲೆ ಮೊದಲನೆಯದಾಗಿ ಕಾಲೇಜಿನ ವಿಳಾಸ ಇನ್ನೂ ಹಾಗೇ ಇತ್ತು. ಅಳಿಸಿರಲಿಲ್ಲ. ಅದರ ಮುಂದೆ ಎರಡು ಅಡ್ಡ ಗೀಟು ಎರಡು ಉದ್ದ ಗೀಟಿನ ಒಂದು ಸಣ್ಣ ಗುರುತು ಹಾಕಿದ್ದಳು. ಆ ಗುರುತು ಹಾಕಿದ ಸಾಲು ಪಟ್ಟಿಯಲ್ಲಿ ಇರುತ್ತದೆ, ಆದರೆ ಯಂತ್ರ ಅದನ್ನು ಓದುವುದಿಲ್ಲ. ಇದು ಮೇಷ್ಟ್ರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆ ತಿಂಗಳ ಕೊನೆಗೆ ಒಂದು ಬೆಳಿಗ್ಗೆ ಮಗಳು ಮೇಜಿನ ಮುಂದೆ ಕೂತು ಎಲ್ಲಿಯದೋ ಕೆಲಸಕ್ಕೆ ಅರ್ಜಿ ಬರೆಯುತ್ತಿದ್ದಳು. ಮೇಷ್ಟ್ರು ಎದುರಿಗೇ ಪೇಪರು ಹಿಡಿದು ಕೂತಿದ್ದರು.

"ಅಮ್ಮ, ಇವತ್ತು ತಾರೀಖೆಷ್ಟು?" ಎಂದು ಅವಳು ಕೂಗಿದಳು.

ಒಳಗೆ ನಲ್ಲಿ ಸುರಿಯುತ್ತಿತ್ತು, ಅಮ್ಮನಿಗೆ ಕೇಳಿಸಲಿಲ್ಲ.

"ಇಪ್ಪತ್ತೆಂಟು," ಎಂದರು ಮೇಷ್ಟ್ರು.

"ಹೂಂ," ಎಂದಳು. ಪೆನ್ನು ಹಾಳೆಯ ಮೇಲೆ ಹಾಗೇ ನಿಂತಿತ್ತು. ಸ್ವಲ್ಪ ಹೊತ್ತಾದ ಮೇಲೆ ಕುರ್ಚಿ ಹಿಂದಕ್ಕೆ ಸರಿಸಿ ಎದ್ದು, ಒಳಕೋಣೆಯ ಗೋಡೆಯಲ್ಲಿದ್ದ ಕ್ಯಾಲೆಂಡರ್ ನೋಡಿ ಬಂದಳು. ಬಂದು ಕೂತು ಇಪ್ಪತ್ತೆಂಟು ಎಂದೇ ಬರೆದಳು.